ಚಿತ್ರ ಯಾಕೆ ಕುಣಿಯುತ್ತೆ? ಹಳೇ 8 ಮಿ.ಮೀ. ಪ್ರೊಜೆಕ್ಟರಿನ ದೋಷ ಹುಡುಕುವ ಬಗೆ

ಹಳೇ ಪ್ರೊಜೆಕ್ಟರ್ ಕೈಗೆ ಸಿಕ್ಕ ಕೂಡಲೇ ಪ್ಲಗ್ ಹಾಕಿ ನೋಡೋಣ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆ ಅವಸರಕ್ಕೆ ಬಲಿಯಾಗಿದ್ದು ನಮ್ಮ ಸೋದರತ್ತೆಯ ಮದುವೆ ರೀಲು.

ಯಂತ್ರ ಸಂಡೆ ಬಜಾರಿನಲ್ಲಿ ಕೊಂಡಿದ್ದು. ಸೂಪರ್ 8, ಸ್ಟ್ಯಾಂಡರ್ಡ್ 8 ಅನ್ನುವ ಎರಡೂ ಬಗೆಯ ಫಿಲ್ಮು ಓಡಿಸುವ ಮಾದರಿ. ಮೋಟಾರು ತಿರುಗಿತು, ಬಲ್ಬು ಹತ್ತಿತು, ಇನ್ನೇನು ಬೇಕು ಅಂದುಕೊಂಡೆ. ಗೋಡೆಗೆ ಬಿಳಿ ಪಂಚೆ ಕಟ್ಟಿ ಅತ್ತೆಯನ್ನು ಮುಂದೆ ಕೂರಿಸಿದೆ. ಮಂಟಪ ಬಂತು. ಇಬ್ಬರು ಅಂತರಪಟ ಹಿಡಿದು ನಿಂತಿದ್ದರು. ಇನ್ನೇನು ಪಟ ಸರಿಯಬೇಕು, ಚಿತ್ರ ಎರಡು ಸಲ ಕುಣಿದು ನಿಂತುಬಿಟ್ಟಿತು. ನಡುವೆ ಒಂದು ಕಂದು ಚುಕ್ಕೆ ಕಾಣಿಸಿತು. ಕಾವಲಿ ಮೇಲಿನ ದೋಸೆಯ ಹಾಗೆ ಗುಳ್ಳೆ ಎದ್ದು ತೂತಾಯಿತು. ಆಮೇಲೆ ಪಂಚೆ ತುಂಬ ಬರೀ ಬಿಳಿ ಬೆಳಕು.

"ಏನೋ ಅದು, ಸುಟ್ಟ ವಾಸನೆ?" ಅಂದರು ಅತ್ತೆ.

"ಏನಿಲ್ಲ ಅತ್ತೆ, ಬಲ್ಬಿನ ಬಿಸಿ" ಅಂದೆ.

ಮನೆಯಲ್ಲಿ ತೆಗೆದ ಇಂಥ ರೀಲುಗಳು ಹೆಚ್ಚಾಗಿ ರಿವರ್ಸಲ್ ಫಿಲ್ಮಿನವು. ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ತೊಳೆದ ಮೇಲೆ ತೋರಿಸುವ ಫಿಲ್ಮು. ನೆಗೆಟಿವ್ ಅಂತ ಬೇರೆ ಇರುವುದಿಲ್ಲ. ಸುಟ್ಟರೆ ಸುಟ್ಟಿತು ಅಷ್ಟೇ. ಅದಕ್ಕೇ ಮನೆಯ ರೀಲನ್ನು ಯಾವತ್ತೂ ಪರೀಕ್ಷೆಗೆ ಹಾಕಬೇಡಿ. ಹಳೇ ಕಾರ್ಟೂನ್ ರೀಲು, ಗುಜರಿಯಲ್ಲಿ ಸಿಕ್ಕ ಯಾರದೋ ಪ್ರವಾಸದ ರೀಲು ಒಂದೆರಡು ಇಟ್ಟುಕೊಳ್ಳಿ. ಯಂತ್ರ ಹಿಡಿದೆಳೆಯುವ ಅಂಚಿನ ತೂತುಗಳು ಸರಿ ಇದ್ದರೆ ಸಾಕು.

ಪ್ಲಗ್ ಹಾಕುವ ಮುಂಚೆ

ಮೊದಲು ನಿಮ್ಮ ಫಿಲ್ಮು ಯಾವುದು ಅಂತ ಗೊತ್ತಿರಲಿ. ಕೊಡಾಕ್ 1932ರಲ್ಲಿ ತಂದಿದ್ದು ಸ್ಟ್ಯಾಂಡರ್ಡ್ 8, 1965ರಲ್ಲಿ ತಂದಿದ್ದು ಸೂಪರ್ 8. ಎರಡರ ಅಗಲವೂ 8 ಮಿ.ಮೀ., ಮೇಲ್ನೋಟಕ್ಕೆ ಅಣ್ಣತಮ್ಮಂದಿರು. ಆದರೆ ಸ್ಟ್ಯಾಂಡರ್ಡ್ 8ರ ತೂತು ದೊಡ್ಡದು, ಎರಡು ಚಿತ್ರಗಳ ನಡುವಿನ ಗೆರೆಯ ಪಕ್ಕ ಇರುತ್ತದೆ. ಸೂಪರ್ 8ರ ತೂತು ಸಣ್ಣದು, ಚಿತ್ರದ ಮಧ್ಯಭಾಗಕ್ಕೆ ಎದುರಾಗಿ ಇರುತ್ತದೆ. ಒಂದು ತೂತಿನಿಂದ ಇನ್ನೊಂದಕ್ಕೆ ಸ್ಟ್ಯಾಂಡರ್ಡ್‌ನಲ್ಲಿ 3.81 ಮಿ.ಮೀ., ಸೂಪರ್‌ನಲ್ಲಿ 4.23 ಮಿ.ಮೀ. ಅರ್ಧ ಮಿಲಿಮೀಟರೂ ಇಲ್ಲದ ಈ ವ್ಯತ್ಯಾಸ ಸಾಕು, ಫಿಲ್ಮಿನ ಬಗೆ ಆರಿಸುವ ಲಿವರ್ ತಪ್ಪು ಕಡೆ ಇದ್ದರೆ ಇಡೀ ರೀಲಿನ ತೂತು ಹರಿಯುತ್ತದೆ. ಕೆಲವು ಯಂತ್ರಗಳಲ್ಲಿ ಲಿವರ್ ತಿರುಗಿಸಿದರೆ ಸಾಲದು, ಗೇಟಿನ, ಅಂದರೆ ಫಿಲ್ಮು ಬೆಳಕಿನ ಎದುರು ಹಾದುಹೋಗುವ ಕಿಟಕಿಯ, ತುಂಡನ್ನೂ ಬದಲಿಸಬೇಕು. ಆ ತುಂಡು ಡಬ್ಬದಲ್ಲಿ ಇದೆಯೇ ಅಂತ ಕೊಳ್ಳುವಾಗಲೇ ನೋಡಿ. ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಆಮೇಲೆ ವೋಲ್ಟೇಜ್ ಸೆಲೆಕ್ಟರ್. ಯೂರೋಪಿನ ಯಂತ್ರಗಳಲ್ಲಿ 110ರಿಂದ 240ರವರೆಗೆ ನಾಲ್ಕೈದು ಸ್ಥಾನ ಇರುತ್ತವೆ. ನಮ್ಮಲ್ಲಿ 240ಕ್ಕೆ ಇಡಿ. 220ಕ್ಕೆ ಇಟ್ಟರೂ ಓಡುತ್ತದೆ, ಬೆಳಕೂ ಜಾಸ್ತಿ ಬರುತ್ತದೆ, ಆದರೆ ಬಲ್ಬು ಬೇಗ ಹೋಗುತ್ತದೆ. ವೋಲ್ಟೇಜ್ ಬರೀ 5 ಶೇಕಡಾ ಏರಿದರೆ ಬಲ್ಬಿನ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ.

ಅಮೆರಿಕದಿಂದ ನೆಂಟರು ತಂದ ಯಂತ್ರವಾದರೆ 120 ವೋಲ್ಟಿನದು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದನ್ನು ಹಾಕಿದ ಮೇಲೂ ಒಂದು ಗೊಂದಲ ಉಳಿಯಬಹುದು. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಕರೆಂಟಿನ ಲಯಕ್ಕೆ ಓಡುವ ಮೋಟಾರಾದರೆ ಸೆಕೆಂಡಿಗೆ 18 ಚಿತ್ರದ ಬದಲು 15 ಓಡುತ್ತದೆ. ಕಂಡುಹಿಡಿಯುವುದು ಸುಲಭ. 50 ಅಡಿಯ ಸೂಪರ್ 8 ರೀಲಿನಲ್ಲಿ 3600 ಚಿತ್ರ ಇರುತ್ತವೆ. 18ರ ವೇಗದಲ್ಲಿ 3 ನಿಮಿಷ 20 ಸೆಕೆಂಡಿಗೆ ಮುಗಿಯಬೇಕು. ನಿಮ್ಮಲ್ಲಿ 4 ನಿಮಿಷ ಹಿಡಿದರೆ ಯಂತ್ರ ಕೆಟ್ಟಿಲ್ಲ, ಪುಲ್ಲಿ 60 ಹರ್ಟ್ಸಿನದು. ಇದು ಗೊತ್ತಿಲ್ಲದೆ ಬೆಲ್ಟು, ಎಣ್ಣೆ ಅಂತ ಒಂದು ವಾರ ಒದ್ದಾಡುವವರಿದ್ದಾರೆ.

ಇನ್ನು ಹಿಂದಿನ ಮುಚ್ಚಳ ತೆಗೆದು ಕೈಯಿಂದ ತಿರುಗಿಸುವ ಗುಬ್ಬಿ ಹುಡುಕಿ. ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಸಲೀಸಾಗಿ ಬಂದರೆ ಸರಿ. ಗಟ್ಟಿ ಇದ್ದರೆ ಬಲ ಹಾಕಬೇಡಿ. ಐವತ್ತು ವರ್ಷದ ಗ್ರೀಸು ಮೇಣವಾಗಿ ಕೂತಿರುತ್ತದೆ. ಒತ್ತಾಯ ಮಾಡಿದರೆ ಮುರಿಯುವುದು ನೈಲಾನ್ ಗೇರು. ಐಸೋಪ್ರೊಪೈಲ್ ಆಲ್ಕೋಹಾಲನ್ನು ಇಯರ್ ಬಡ್‌ನಿಂದ ಮುಟ್ಟಿಸಿ, ಒಂದು ರಾತ್ರಿ ಬಿಟ್ಟು, ಹಳೇ ಗ್ರೀಸು ಒರೆಸಿ ತೆಗೆಯಿರಿ. ಆಮೇಲೆ ಹೊಲಿಗೆ ಮಿಷನ್ ಎಣ್ಣೆ, ಒಂದೊಂದು ಜಾಗಕ್ಕೆ ಒಂದೇ ಹನಿ. ಜಾಸ್ತಿ ಎಣ್ಣೆ ಬಿಟ್ಟರೆ ಅದು ಬೆಳಕನ್ನು ತಡೆದು ಬಿಡುವ ಶಟರಿನ ರೆಕ್ಕೆಗೆ ತಾಗಿ, ಅಲ್ಲಿಂದ ಚಿಮ್ಮಿ ಲೆನ್ಸು, ಗೇಟು, ಫಿಲ್ಮು ಎಲ್ಲಕ್ಕೂ ಸೇರುತ್ತದೆ.

ಸೀರೀಸ್ ಬೋರ್ಡು

ವೈರಿಂಗ್ ಕೆಲಸದವರ ಹತ್ತಿರ ಇರುವ ಸೀರೀಸ್ ಬೋರ್ಡು ಗೊತ್ತಲ್ಲ? ಒಂದು ಹೋಲ್ಡರು, ಒಂದು ಸಾಕೆಟ್ಟು, 100 ವ್ಯಾಟಿನ ಹಳೇ ಕಾಲದ ತಂತಿ ಬಲ್ಬು. ಪ್ರೊಜೆಕ್ಟರಿಗೆ ಮೊದಲ ಕರೆಂಟು ಅದರ ಮೂಲಕವೇ ಹೋಗಲಿ. ಪ್ರೊಜೆಕ್ಟರಿನ ಬಲ್ಬನ್ನು ಕಳಚಿಟ್ಟಿರಿ. ಸ್ವಿಚ್ ಹಾಕಿದಾಗ ಬೋರ್ಡಿನ ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಗಾಬರಿಯಿಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟು. ಹತ್ತಲೇ ಇಲ್ಲವೆಂದರೆ ಫ್ಯೂಸು, ಸ್ವಿಚ್ಚು ಅಥವಾ ಸೆಲೆಕ್ಟರಿನ ಕಿಲುಬು ನೋಡಿ.

ಇದರ ಲಾಭ ಗೊತ್ತಾಗುವುದು ಹಳೇ ಕಾಗದದ ಕೆಪಾಸಿಟರಿನ ವಿಷಯದಲ್ಲಿ. ರೇಡಿಯೋಗೆ ಗೊರಗೊರ ಬರದಿರಲಿ ಅಂತ ಮೋಟಾರಿಗೆ ಅಡ್ಡಲಾಗಿ ಹಾಕಿರುತ್ತಾರೆ. ವಯಸ್ಸಾದ ಮೇಲೆ ಅದರ ಮೈ ಬಿರುಕು ಬಿಟ್ಟು ತೇವ ಹೀರುತ್ತದೆ. ನೇರ 240 ವೋಲ್ಟು ಕೊಟ್ಟರೆ ಮೊದಲ ಐದು ನಿಮಿಷ ಸುಮ್ನಿದ್ದು, ಆಮೇಲೆ ಫಟ್ ಅಂದು ಮನೆ ತುಂಬ ಹೊಗೆ. ಬಿರುಕು ಕಂಡರೆ ಪರೀಕ್ಷೆಯೂ ಬೇಡ, ಬದಲಿಸಿ. ಮುಟ್ಟಿದರೆ ಜುಮ್ ಅನ್ನುವ ಯಂತ್ರಕ್ಕೆ ಮೂರು ಎಳೆ ವೈರು ಹಾಕಿ ಅರ್ಥ್ ಕೊಡಿಸಿ. ಇನ್ನೊಂದು ಮಾತು. ಕೆಲವು ಯಂತ್ರಗಳಲ್ಲಿ ಬಲ್ಬಿನ 12 ವೋಲ್ಟು ಮೋಟಾರಿನ ಸುತ್ತಿನಿಂದಲೇ ಬರುತ್ತದೆ, ಬೇರೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. 12 ವೋಲ್ಟು ತಾನೇ ಅಂತ ಬೆರಳಿಟ್ಟರೆ ಮೇನ್ಸ್ ಹೊಡೆಯಬಹುದು.

ಮೋಟಾರು ಗುಯ್ ಅನ್ನುತ್ತದೆ, ತಿರುಗುವುದಿಲ್ಲ ಅನ್ನುವ ದೂರು ತುಂಬಾ ಬರುತ್ತದೆ. ಗುಬ್ಬಿಯನ್ನು ಕೈಯಿಂದ ತಿರುಗಿಸಿ ನೋಡಿದ್ದೀರಿ, ಸಲೀಸಾಗಿದೆ. ಹಾಗಿದ್ದರೆ ಸ್ವಿಚ್ ಹಾಕಿಕೊಂಡೇ ಗುಬ್ಬಿಗೆ ಒಂದು ಸಣ್ಣ ತಳ್ಳು ಕೊಡಿ. ತಳ್ಳಿದ ಮೇಲೆ ತಾನಾಗಿ ಓಡಿದರೆ ಸ್ಟಾರ್ಟಿಂಗ್ ಕೆಪಾಸಿಟರು ಹೋಗಿದೆ. ಅದೇ ಮೌಲ್ಯದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಮೋಟಾರು ಚೆನ್ನಾಗಿ ಓಡಿ ರೀಲು ಮಾತ್ರ ಸುಮ್ನೆ ನಿಂತಿದ್ದರೆ ಬೆಲ್ಟು. ಹಳೇ ರಬ್ಬರ್ ಬೆಲ್ಟು ಎರಡು ಥರ ಸಾಯುತ್ತದೆ. ಒಂದೋ ಗಟ್ಟಿಯಾಗಿ ಕೋಡುಬಳೆಯಂತೆ ಮುರಿಯುತ್ತದೆ, ಇಲ್ಲವೇ ಕರಗಿ ಡಾಂಬರಾಗುತ್ತದೆ. ಎರಡು ಪುಲ್ಲಿಗಳ ಸುತ್ತ ದಾರ ಸುತ್ತಿ ಅಳೆಯಿರಿ, ಅದಕ್ಕಿಂತ 5ರಿಂದ 10 ಶೇಕಡಾ ಕಮ್ಮಿ ಉದ್ದದ್ದು ತನ್ನಿ. ಬಿಗಿ ಜಾಸ್ತಿ ಮಾಡಿದರೆ ಬೇರಿಂಗಿಗೆ ಕಷ್ಟ.

16 ಮಿ.ಮೀ. ಯಂತ್ರ ಇಟ್ಟುಕೊಂಡವರಿಗೂ ಒಂದು ಮಾತು. ವಾರ್ತಾ ಇಲಾಖೆಯವರು ಜೀಪಿನಲ್ಲಿ ತಂದು ಊರ ಬಯಲಲ್ಲಿ ಪರದೆ ಕಟ್ಟಿ ತೋರಿಸುತ್ತಿದ್ದರಲ್ಲ, ಆ ಅಳತೆಯವು. ಬೆಲ್ ಅಂಡ್ ಹೊವೆಲ್‌ನ ಹಲವು ಮಾದರಿಗಳಲ್ಲಿ ಪ್ಲಾಸ್ಟಿಕ್ಕಿನ ವರ್ಮ್ ಗೇರ್, ಅಂದರೆ ಸ್ಕ್ರೂವಿನಂಥ ಸುರುಳಿ ಹಲ್ಲಿನ ಗೇರು, ಇರುತ್ತದೆ. ವಯಸ್ಸಾದ ಹಾಗೆ ಅದು ಉಕ್ಕಿನ ಶಾಫ್ಟಿನ ಮೇಲೇ ಬಿರಿಯುತ್ತದೆ. ಮೋಟಾರು ಓಡಿದರೂ ಯಂತ್ರ ಕಟಕಟ ಅಂದು ನಿಂತರೆ ಮೊದಲು ಅಲ್ಲಿಗೇ ಟಾರ್ಚ್ ಹಿಡಿಯಿರಿ.

ಬೆಳಕು ಸಾಲದು

ಹೊಸ ಬಲ್ಬು ಹಾಕಿದರೂ ಮಂಕು ಅಂದರೆ ಬಲ್ಬಿನ ಕಾಲು ಕೂರುವ ಸಾಕೆಟ್ಟು ನೋಡಿ. ಸೂಪರ್ 8 ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಇಎಫ್‌ಪಿ ಅನ್ನುವ 12 ವೋಲ್ಟ್, 100 ವ್ಯಾಟ್ ಬಲ್ಬು. ಅದು ಎಳೆಯುವ ಕರೆಂಟು 8.3 ಆಂಪಿಯರ್. ಸಾಕೆಟ್ಟಿನ ಕಿಲುಬಿನಲ್ಲಿ 0.1 ಓಂ ತಡೆ ಇದ್ದರೂ ಮುಕ್ಕಾಲು ವೋಲ್ಟಿಗಿಂತ ಜಾಸ್ತಿ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಆ ಬಿಸಿಗೆ ಕಿಲುಬು ಇನ್ನೂ ಹೆಚ್ಚುತ್ತದೆ. ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ ತೆಗೆಯಬಹುದು, ಸುಟ್ಟು ಕಪ್ಪಾಗಿದ್ದರೆ ಸಾಕೆಟ್ಟನ್ನೇ ಬದಲಿಸಬೇಕು. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತ ಕಡೆ ಗಾಜು ಉಬ್ಬುತ್ತದೆ. ಅಂಗಡಿಯಲ್ಲಿ ಪ್ರೊಜೆಕ್ಟರ್ ಬಲ್ಬು ಅಂದರೆ ಆಫೀಸಿನ ಪ್ರೊಜೆಕ್ಟರಿನದು ತೋರಿಸುತ್ತಾರೆ. ಇಎಫ್‌ಪಿ ಅಂತಲೇ ಕೇಳಿ. ಮೈಕ್ರೋಸ್ಕೋಪ್ ಸಾಮಾನು ಮಾರುವವರಲ್ಲೂ ವಿಚಾರಿಸಿ.

ಒಂದು ಮೂಲೆ ಮಾತ್ರ ಕತ್ತಲಾದರೆ ಬಲ್ಬು ಓರೆ ಕೂತಿದೆ. ಇಡೀ ಚಿತ್ರ ಹಾಲಿನಲ್ಲಿ ಅದ್ದಿದ ಹಾಗಿದ್ದರೆ ಲೆನ್ಸಿನಲ್ಲಿ ಬೂಸ್ಟು. ಮಂಗಳೂರು, ಉಡುಪಿ ಕಡೆಯಿಂದ ಬಂದ ಯಂತ್ರಗಳಲ್ಲಿ ಇದನ್ನು ನಾನು ಮೊದಲೇ ನಿರೀಕ್ಷಿಸುತ್ತೇನೆ.

ಚಿತ್ರ ಕುಣಿಯುವುದು

ಈಗ ಅಸಲಿ ವಿಷಯ. ಕುಣಿತ ಅಂದರೆ ಎಲ್ಲವೂ ಒಂದೇ ಅಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು, ಪರದೆಯನ್ನು ಒಂದು ನಿಮಿಷ ಸುಮ್ನೆ ನೋಡಿ.

ಪರದೆ ಮೇಲೆ ಚಿತ್ರದ ಸುತ್ತ ಕಪ್ಪು ಅಂಚು ಇರುತ್ತದಲ್ಲ, ಅದು ಗೇಟಿನ ಕಿಟಕಿಯ ನೆರಳು. ಫಿಲ್ಮಿನದಲ್ಲ, ಯಂತ್ರದ್ದು. ಆ ಅಂಚೇ ಅಲುಗುತ್ತಿದ್ದರೆ ಮೇಜು ಅಲುಗುತ್ತಿದೆ, ಇಲ್ಲವೇ ಲೆನ್ಸು ಸಡಿಲ. ಗೇಟಿನ ತಂಟೆಗೇ ಹೋಗಬೇಡಿ.

ಅಂಚು ನಿಶ್ಚಲವಾಗಿದೆ, ಒಳಗಿನ ಚಿತ್ರ ಕುಣಿಯುತ್ತಿದೆ ಅಂತಿಟ್ಟುಕೊಳ್ಳಿ. ಚಿತ್ರವನ್ನು ಮೇಲೆ ಕೆಳಗೆ ಸರಿಸುವ ಫ್ರೇಮಿಂಗ್ ಗುಬ್ಬಿ ತಿರುಗಿಸಿ, ಎರಡು ಚಿತ್ರಗಳ ನಡುವಿನ ಕಪ್ಪು ಗೆರೆ ಪರದೆ ಮೇಲೆ ಕಾಣುವ ಹಾಗೆ ಮಾಡಿ. ಗೆರೆ ನಿಂತಿದ್ದು ಒಳಗಿನ ಮನುಷ್ಯರು ಮಾತ್ರ ಅಲುಗಾಡುತ್ತಿದ್ದರೆ ಅವತ್ತು ಕ್ಯಾಮೆರಾ ಹಿಡಿದವರ ಕೈ ನಡುಗಿದೆ. ಅದಕ್ಕೆ ನಮ್ಮಲ್ಲಿ ಔಷಧಿ ಇಲ್ಲ. ಗೆರೆಯೂ ಚಿತ್ರದ ಜೊತೆ ಕುಣಿಯುತ್ತಿದ್ದರೆ ಫಿಲ್ಮನ್ನು ತೆಗೆದು ಬೆಳಕಿಗೆ ಹಿಡಿದು ಲೂಪೆ ಅನ್ನುವ ಸಣ್ಣ ಭೂತಗನ್ನಡಿಯಲ್ಲಿ ನೋಡಿ. ಗೆರೆಗಳ ದಪ್ಪ ಒಂದೊಂದು ಕಡೆ ಒಂದೊಂದು ಥರ ಇದ್ದರೆ ತಪ್ಪು ಕ್ಯಾಮೆರಾದ್ದು. ಎಲ್ಲ ಒಂದೇ ಸಮ ಇದ್ದರೆ ಮಾತ್ರ ಪ್ರೊಜೆಕ್ಟರನ್ನೋ ಫಿಲ್ಮನ್ನೋ ಅನುಮಾನಿಸಬೇಕು. ಎರಡರಲ್ಲಿ ಯಾವುದು? ಪರೀಕ್ಷೆಯ ರೀಲು ಹಾಕಿ. ಅದೂ ಕುಣಿದರೆ ಯಂತ್ರ, ಕುಣಿಯದಿದ್ದರೆ ಫಿಲ್ಮು.

ಯಂತ್ರ ಅಂತಾದರೆ ಮೊದಲು ಗೇಟು. ಅಲ್ಲಿ ಏನಾಗುತ್ತದೆ ಅಂತ ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಒಂದು ಸಣ್ಣ ಕೊಕ್ಕೆ ಮುಂದೆ ಬಂದು ತೂತಿಗೆ ಇಳಿಯುತ್ತದೆ. ಒಂದು ಚಿತ್ರದಷ್ಟು ಕೆಳಗೆ ಎಳೆದು, ಹೊರಬಂದು, ಮೇಲೆ ಹೋಗುತ್ತದೆ. ಸೆಕೆಂಡಿಗೆ 18 ಸಲ. ಅದು ಬಿಟ್ಟ ಮೇಲೆ ಫಿಲ್ಮು ಅಲ್ಲೇ ನಿಲ್ಲುವುದು ಹಿಂದಿನಿಂದ ಒತ್ತುವ ಪ್ಲೇಟು, ಪಕ್ಕದಿಂದ ಒತ್ತುವ ಸ್ಪ್ರಿಂಗು ಇವುಗಳಿಂದ. ಪ್ಲೇಟಿನ ಹಾದಿಯಲ್ಲಿ ಕೊಳೆ ಇದ್ದರೆ ಫಿಲ್ಮು ಒಮ್ಮೆ ಮುಂಚೆ, ಒಮ್ಮೆ ಆಚೆ ನಿಲ್ಲುತ್ತದೆ. ಮೇಲೆ ಕೆಳಗೆ ಕುಣಿದರೆ ಒತ್ತುವ ಪ್ಲೇಟು, ಎಡಕ್ಕೆ ಬಲಕ್ಕೆ ಓಲಾಡಿದರೆ ಪಕ್ಕದ ಸ್ಪ್ರಿಂಗು.

ಅತ್ತೆಯ ರೀಲು ಸುಟ್ಟ ಮರುದಿನ ನಾನು ಗೇಟು ಬಿಚ್ಚಿದೆ. ಕಿಟಕಿಯ ಕೆಳಗೆ ಅರ್ಧ ಸಾಸಿವೆ ಕಾಳಿನಷ್ಟು ಕಪ್ಪು ಗಂಟು. ಉಗುರಿಗೆ ಕಲ್ಲಿನ ಹಾಗೆ ಹತ್ತಿತು. ಎಷ್ಟೋ ರೀಲುಗಳ ಎಮಲ್ಷನ್, ಅಂದರೆ ಚಿತ್ರ ಮೂಡುವ ಪದರ, ಕೆರೆದು ಕೆರೆದು ಅಲ್ಲಿ ಗಟ್ಟಿಯಾಗಿತ್ತು. ಅದಕ್ಕೆ ಅಂತರಪಟದ ಹತ್ತಿರ ಇದ್ದ ಹಳೇ ಟೇಪಿನ ಜೋಡಣೆ ಸಿಕ್ಕಿಕೊಂಡಿದೆ. ಮೋಟಾರು, ಬಲ್ಬು ಎರಡೂ ಓಡುತ್ತಲೇ ಇದ್ದವು, ಫಿಲ್ಮು ಮಾತ್ರ ನಿಂತಿತ್ತು. ಬರೀ ಹತ್ತು ನಿಮಿಷದ ಕೆಲಸ. ಮುಂಚೆಯೇ ಮಾಡಬೇಕಿತ್ತು.

ಈ ಗಂಟನ್ನು ಬ್ಲೇಡಿನಿಂದ ಕೆರೆಯಬೇಡಿ. ಗೀರು ಬಿದ್ದರೆ ಮುಂದೆ ಪ್ರತಿ ಫಿಲ್ಮಿಗೂ ಅದು ಗೆರೆ ಎಳೆಯುತ್ತದೆ. ನಾನು ಬಳಸುವುದು ಊದುಬತ್ತಿಯ ಕಡ್ಡಿ. ಬಿದಿರು ಗಟ್ಟಿ ಇದೆ, ಆದರೆ ಲೋಹದ ಮುಂದೆ ಮೆತ್ತಗೆ. ತುದಿಯನ್ನು ಉಳಿಯಂತೆ ಓರೆಯಾಗಿ ಕತ್ತರಿಸಿ, ಗಂಟಿನ ಮೇಲೆ ಐಸೋಪ್ರೊಪೈಲ್ ಒಂದು ಹನಿ ಬಿಟ್ಟು, ಎರಡು ನಿಮಿಷ ಕಾದು, ಹಿಂದಿನಿಂದ ಮೆಲ್ಲಗೆ ತಳ್ಳಿ. ಟಿಕ್ ಅಂತ ಇಡಿಯಾಗಿ ಎದ್ದು ಬರುತ್ತದೆ. ಪೆಟ್ರೋಲು, ಥಿನ್ನರು ಎರಡೂ ಬೇಡ. ಪಕ್ಕದ ಪ್ಲಾಸ್ಟಿಕ್ಕು, ರಬ್ಬರು ಹಾಳಾಗುತ್ತವೆ.

ಗೇಟು ಶುಚಿಯಾಗಿದೆ, ಆದರೂ ಚಿತ್ರ ಉದ್ದುದ್ದಕ್ಕೆ ಕಲಸಿದಂತೆ ಕಾಣುತ್ತದೆ, ಜೊತೆಗೆ ಟಕಟಕ ಸದ್ದು? ಲೂಪ್ ಹೋಗಿದೆ. ಹಲ್ಲಿನ ಚಕ್ರ ಒಂದೇ ಸಮ ತಿರುಗುತ್ತದೆ, ಕೊಕ್ಕೆ ಎಳೆದು ನಿಲ್ಲಿಸಿ ಎಳೆಯುತ್ತದೆ. ಇಬ್ಬರ ಜಗಳ ಬಿಡಿಸುವುದಕ್ಕೇ ಗೇಟಿನ ಮೇಲೆ ಕೆಳಗೆ ಒಂದೊಂದು ಸಡಿಲ ಬಳುಕು ಬಿಟ್ಟಿರುತ್ತಾರೆ. ಹರಿದ ತೂತು ಬಂದಾಗ ಅದು ಬಿಗಿದುಹೋಗುತ್ತದೆ. ಲೂಪ್ ಸರಿಮಾಡುವ ಗುಂಡಿ ಇದ್ದರೆ ಒತ್ತಿ, ಇಲ್ಲದಿದ್ದರೆ ನಿಲ್ಲಿಸಿ ಮತ್ತೆ ಪೋಣಿಸಿ. ಪದೇ ಪದೇ ಒಂದೇ ಜಾಗದಲ್ಲಿ ಹೋದರೆ ಫಿಲ್ಮಿನ ತಪ್ಪು. ಎಲ್ಲೆಂದರಲ್ಲಿ ಹೋದರೆ ಕೊಕ್ಕೆಯ ತುದಿ ಸವೆದಿದೆ.

ಯಂತ್ರದ್ದಲ್ಲ, ಫಿಲ್ಮಿನದೇ ತಪ್ಪು ಅಂತಾದರೆ ಮೂಗಿಗೆ ಕೆಲಸ ಕೊಡಿ. ಡಬ್ಬ ತೆರೆದಾಗ ವಿನೆಗರ್ ವಾಸನೆ ಹೊಡೆದರೆ ಫಿಲ್ಮಿನ ಮೈಯಾದ ಅಸಿಟೇಟ್ ಕೊಳೆಯುತ್ತಿದೆ, ಫಿಲ್ಮು ಕುಗ್ಗಿದೆ. ಎಷ್ಟು ಕುಗ್ಗಿದೆ ಅಂತ ಸ್ಟೀಲ್ ಸ್ಕೇಲಿನಲ್ಲೇ ಅಳೆಯಬಹುದು. ಒಂದು ತೂತಿನ ಅಂಚಿಗೆ ಗುರುತು ಹಾಕಿ ಅಲ್ಲಿಂದ ನೂರು ಚಿತ್ರ ಎಣಿಸಿ. ಸೂಪರ್ 8 ಆದರೆ 423 ಮಿ.ಮೀ., ಸ್ಟ್ಯಾಂಡರ್ಡ್ 8 ಆದರೆ 381 ಮಿ.ಮೀ. ಇರಬೇಕು. 4 ಮಿ.ಮೀ. ಕಮ್ಮಿ ಬಂದರೆ ಸುಮಾರು 1 ಶೇಕಡಾ ಕುಗ್ಗಿದೆ ಅಂತ ಅರ್ಥ. ಅಂಥದ್ದನ್ನು ನಾನು ಪ್ರೊಜೆಕ್ಟರಿಗೆ ಹಾಕುವುದೇ ಇಲ್ಲ, ಸ್ಕ್ಯಾನ್ ಮಾಡಿಸುತ್ತೇನೆ. ಬೇರೆ ರೀಲುಗಳ ಜೊತೆ ಒಂದೇ ಪೆಟ್ಟಿಗೆಯಲ್ಲೂ ಇಡಬೇಡಿ, ಆ ಆವಿ ಪಕ್ಕದವರನ್ನೂ ಕೆಡಿಸುತ್ತದೆ.

ಗೆರೆಗಳು, ಮತ್ತೆ ಕೆಲವು ಚಿಲ್ಲರೆ ತೊಂದರೆ

ಪರದೆ ಮೇಲೆ ಮಳೆ ಸುರಿದಂತೆ ಕಪ್ಪು ಗೆರೆ ಇದ್ದರೆ ಗೀರು ಫಿಲ್ಮಿನ ಬೆನ್ನಿಗೆ ಬಿದ್ದಿದೆ. ಹಸಿರು ಅಥವಾ ಹಳದಿ ಗೆರೆಯಾದರೆ ಬಣ್ಣದ ಪದರವೇ ಕಿತ್ತುಬಂದಿದೆ. ಈಗ ಬೀಳುತ್ತಿರುವ ಗೀರೋ ಹಳೆಯದೋ ತಿಳಿಯಲು ಗೀರಿಲ್ಲದ ಲೀಡರ್ (ರೀಲಿನ ಮೊದಲಿಗೆ ಅಂಟಿಸುವ ಖಾಲಿ ಫಿಲ್ಮು) ತುಂಡನ್ನು ಪೋಣಿಸಿ, ಅರ್ಧ ದಾರಿಯಲ್ಲಿ ನಿಲ್ಲಿಸಿ. ಚಕ್ರ, ಗೇಟು, ಮಾರ್ಗದ ಒಂದೊಂದು ತಿರುವಿನ ಎದುರೂ ಫಿಲ್ಮಿಗೆ ಪೆನ್ನಿನಿಂದ ಗುರುತು ಹಾಕಿ ಹೊರತೆಗೆಯಿರಿ. ಗೀರು ಯಾವ ಗುರುತಿನಿಂದ ಶುರುವಾಗಿದೆಯೋ ಅಲ್ಲೇ ಕಳ್ಳ ಇದ್ದಾನೆ.

ಬಿಳಿ ಅಕ್ಷರಗಳಿಗೆ ಮೇಲೆ ಕೆಳಗೆ ಬಾಲ ಬೆಳೆದಂತೆ ಕಂಡರೆ ಶಟರಿನ ಸಮಯ ತಪ್ಪಿದೆ. ಫಿಲ್ಮು ಚಲಿಸುವಾಗಲೂ ಬೆಳಕು ಬೀಳುತ್ತಿದೆ. ಚಿತ್ರದ ಮೇಲರ್ಧ ಕೆಳಗೆ, ಕೆಳಅರ್ಧ ಮೇಲೆ ಬಂದರೆ ಏನೂ ಕೆಟ್ಟಿಲ್ಲ, ಫ್ರೇಮಿಂಗ್ ಗುಬ್ಬಿ ತಿರುಗಿಸಿ. ಸೌಂಡ್ ಯಂತ್ರದಲ್ಲಿ ಮಾತು ತುಟಿಗೆ ಕೂಡುತ್ತಿಲ್ಲವೆಂದರೆ ಕೆಳಗಿನ ಲೂಪ್ ನೋಡಿ. ಸೂಪರ್ 8 ಮ್ಯಾಗ್ನೆಟಿಕ್ ಪಟ್ಟಿಯಲ್ಲಿ ಧ್ವನಿ ಚಿತ್ರಕ್ಕಿಂತ 18 ಚಿತ್ರ ಮುಂದೆ ಇರುತ್ತದೆ, ಅಂದರೆ ಲೂಪಿನ ಉದ್ದ ಬದಲಾದರೆ ತಾಳ ತಪ್ಪುತ್ತದೆ.

ದೋಷವೇ ಅಲ್ಲದ ದೋಷವೂ ಒಂದಿದೆ. 1922ರಲ್ಲಿ ಫ್ರಾನ್ಸಿನಲ್ಲಿ ಬಂದ ಪಾತೆ ಬೇಬಿ 9.5 ಮಿ.ಮೀ. ಯಂತ್ರ. ತೂತು ಚಿತ್ರಗಳ ನಡುವೆ, ಸರಿಯಾಗಿ ಮಧ್ಯದಲ್ಲಿ. ನೋಡುವುದಕ್ಕೆ ಬಹಳ ಮುದ್ದು. ಕೈಯಿಂದ ಹಿಡಿ ತಿರುಗಿಸುತ್ತಿದ್ದರೂ ಅಕ್ಷರದ ಚಿತ್ರ ಬಂದಾಗ ಫಿಲ್ಮು ನಿಂತುಬಿಡುತ್ತದೆ. ಕೆಲವು ಸೆಕೆಂಡಿನ ಮೇಲೆ ತಾನಾಗಿ ಮುಂದೆ ಹೋಗುತ್ತದೆ. ಸಿಕ್ಕಿಕೊಂಡಿದೆ ಅಂತ ಬಿಚ್ಚಲು ಹೋಗಬೇಡಿ. ಫಿಲ್ಮು ಉಳಿಸಲು ಒಂದೇ ಚಿತ್ರದಲ್ಲಿ ಅಕ್ಷರ ಅಚ್ಚು ಮಾಡಿ, ಅಂಚಿನಲ್ಲಿ ಕಚ್ಚು ಹಾಕಿರುತ್ತಾರೆ. ಆ ಕಚ್ಚನ್ನು ಕಂಡಾಗ ಯಂತ್ರ ಬೇಕೆಂದೇ ನಿಲ್ಲುತ್ತದೆ. ಸಂಗ್ರಹಿಸುವ ಆಸೆ ಇರುವವರು ಈ ಯಂತ್ರ ಸಿಕ್ಕರೆ ಫಿಲ್ಮಿನ ಮಧ್ಯೆ ಉದ್ದಗೆರೆ ಇದೆಯೇ ನೋಡಿ. ಕೊಕ್ಕೆ ತೂತು ತಪ್ಪಿದರೆ ಹರಿಯುವುದು ಅಂಚಲ್ಲ, ಮುಖಕ್ಕೇ ಗೀರು.

ನೋಡಿ ಮುಗಿದ ಮೇಲೆ ಬಲ್ಬು ಆರಿಸಿ, ಫ್ಯಾನು ಎರಡು ನಿಮಿಷ ಓಡಲಿ. ಆಮೇಲೆ ಯಂತ್ರ ಓಡಿಸುವ ಆನ್-ಆಫ್ ಗುಬ್ಬಿಯನ್ನು ಆಫ್‌ಗೆ ಪೂರ್ತಿ ತಂದು ನಿಲ್ಲಿಸಿ. ರಬ್ಬರ್ ಚಕ್ರದಿಂದ ಓಡುವ ಯಂತ್ರಗಳಲ್ಲಿ ಆಗ ಮಾತ್ರ ಚಕ್ರ ಮೋಟಾರಿನಿಂದ ಬಿಡಿಸಿಕೊಳ್ಳುತ್ತದೆ. ಗೋಡೆ ಸ್ವಿಚ್ಚಿನಲ್ಲೇ ಆರಿಸಿ ಡಬ್ಬಕ್ಕೆ ಹಾಕಿಟ್ಟರೆ ಶಾಫ್ಟು ರಬ್ಬರಿಗೆ ಒತ್ತಿಕೊಂಡೇ ಕೂತು ಗುಳಿ ಬೀಳುತ್ತದೆ. ಮುಂದಿನ ದೀಪಾವಳಿಗೆ ತೆಗೆದಾಗ ಒಂದು ಸುತ್ತಿಗೆ ಒಂದು ಸಲ ದಡ್ ದಡ್ ಅನ್ನುತ್ತಿದ್ದರೆ ಕಾರಣ ಅದೇ.